ಮೂರನೇ ತಿಂಗಳಲ್ಲೇ ಬಂದು ಹೇಳುವಂತಾಗಲಿ: ಕೊಡಗಿನ ಚರ್ಚುಗಳಿಗೆ ಒಂದು ಬಹಿರಂಗ ಪತ್ರ

ಕೊಡಗಿನ ಎಲ್ಲ ಕಥೋಲಿಕ ಧರ್ಮಕೇಂದ್ರಗಳ ಫಾದರ್‌ಗಳಿಗೆ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭಾಪಾಲಕರಿಗೆ, ಊರೂರಿನ ಪ್ರಾರ್ಥನಾ ಮಂದಿರಗಳ ಪಾಸ್ಟರ್‌ಗಳಿಗೆ, ಸಭಾ ಸಮಿತಿಯ ಹಿರಿಯರಿಗೆ, ಮಹಿಳಾ ಸಂಘಗಳ ಅಕ್ಕಂದಿರಿಗೆ,

ನಮಸ್ಕಾರ.

ಗರ್ಭಪಾತ ಪಾಪ ಎಂದು ನೀವು ಬೋಧಿಸುತ್ತೀರಿ. ಆ ಮಾತು ಕೇಳುತ್ತಲೇ ಬೆಳೆದವಳು ನಾನು. ಅದರ ಬಗ್ಗೆ ಜಗಳಕ್ಕೆ ಬಂದಿಲ್ಲ. ನನ್ನ ಪ್ರಶ್ನೆ ಬೇರೆ. ನೆನೆಸದ ಹೊತ್ತಿನಲ್ಲಿ ಬಸಿರಾದ ಹೆಂಗಸು, ಅವಳ ಮನೆಯವರು, ಮೊದಲು ಯಾರ ಹತ್ತಿರ ಹೋಗುತ್ತಾರೆ?

ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ಕಂಡದ್ದನ್ನೇ ಹೇಳುತ್ತೇನೆ. ಮೊದಲು ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಆಮೇಲೆ ಜಿಲ್ಲೆಯ ಆಚೆ ಇರುವ ಯಾರೋ ನೆಂಟರ ಮನೆಗೆ. ಆಮೇಲೆ, ತುಂಬಾ ತಡವಾಗಿ, ಆಸ್ಪತ್ರೆಗೆ. ಚರ್ಚಿಗೆ ಬರುವುದೇ ಇಲ್ಲ. ಬಂದರೂ ಹೊಟ್ಟೆ ಕಾಣಿಸಿದ ಮೇಲೆ ಬರುತ್ತಾರೆ, ಬೇಗ ಮದುವೆ ಮಾಡಿಸಿಕೊಡಿ ಎಂದು ಕೇಳುವುದಕ್ಕೆ.

ಕಾರಣ ನಿಮಗೆ ಗೊತ್ತಿಲ್ಲ ಅಂತಲ್ಲ. ಕೊಡಗು ಚಿಕ್ಕ ಜಿಲ್ಲೆ. ಅದರಲ್ಲಿ ನಾವು ಕ್ರೈಸ್ತರು ಇನ್ನೂ ಚಿಕ್ಕ ಗುಂಪು. ಸುಂಟಿಕೊಪ್ಪದಲ್ಲಿ ಒಬ್ಬಳಿಗೆ ವಾಕರಿಕೆ ಬಂದರೆ ಸಂಜೆಯೊಳಗೆ ಸಿದ್ದಾಪುರದಲ್ಲಿ ಸುದ್ದಿ. ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾತಾಡುತ್ತೇವಲ್ಲ, ಆ ಹತ್ತು ನಿಮಿಷಕ್ಕೆ ಹೆದರಿ ಮನೆಮಂದಿ ಊರು ಬಿಟ್ಟಿದ್ದಾರೆ. ಇತ್ತೀಚೆಗೆ ಇನ್ನೊಂದು ಶುರುವಾಗಿದೆ. ವಾಟ್ಸಾಪ್ ಗುಂಪಿನಲ್ಲಿ 'ಆ ಕುಟುಂಬಕ್ಕಾಗಿ ವಿಶೇಷವಾಗಿ ಪ್ರಾರ್ಥಿಸಿ' ಎಂದು ಒಂದು ಸಾಲು ಬರುತ್ತದೆ. ಯಾಕೆ ಏನು ಅಂತ ಇರುವುದಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಯಾಕೆ ಅಂತ ಗೊತ್ತಾಗಿರುತ್ತದೆ. ಪ್ರಾರ್ಥನೆಯ ಹೆಸರಿನಲ್ಲಿ ಚಾಡಿ ಹೇಳುವುದಕ್ಕೆ ನಾವು ಕಂಡುಕೊಂಡ ಹೊಸ ದಾರಿ ಇದು.

ಹೆರಿಗೆ ವಾರ್ಡಿಗೆ ಒಮ್ಮೆ ಒಬ್ಬ ಹೆಂಗಸನ್ನು ಪಿಕಪ್ಪಿನಲ್ಲಿ ಮಲಗಿಸಿಕೊಂಡು ಬಂದರು. ಮೂರು ಮಕ್ಕಳ ತಾಯಿ, ಗಂಡನೇ ಜೊತೆಗಿದ್ದ. ಅಂಗಡಿಯಿಂದ ಗರ್ಭ ಇಳಿಸುವ ಮಾತ್ರೆ ತಂದು ನುಂಗಿದ್ದಳು. ರಕ್ತ ನಿಂತಿರಲಿಲ್ಲ. ನಾವು ಸಲೈನ್ ಹಾಕಲು ನರ ಹುಡುಕುತ್ತಿದ್ದರೆ ಅವಳು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: 'ಸಿಸ್ಟರ್, ಚರ್ಚಿನಲ್ಲಿ ಹೇಳಬೇಡಿ.' ಜೀವ ಹೋಗುವ ಹೊತ್ತಿನಲ್ಲೂ ಅವಳಿಗೆ ಚರ್ಚಿನದೇ ಚಿಂತೆ. ಅವಳು ಬದುಕಿದಳು. ಆದರೆ ಗರ್ಭ ಎಲ್ಲಿ ನಿಂತಿದೆ, ಎಷ್ಟು ವಾರ ಆಗಿದೆ, ಮೈಯಲ್ಲಿ ರಕ್ತ ಎಷ್ಟಿದೆ ಎಂದು ನೋಡದೆ ಆ ಮಾತ್ರೆ ಕೊಡುವ ಹಾಗೇ ಇಲ್ಲ. ಗರ್ಭ, ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಅದು ಹೋಗುವುದಿಲ್ಲ, ನಾಳ ಒಡೆದು ಜೀವವೇ ಹೋಗಬಹುದು. ವೈದ್ಯರು ನೋಡಿಯೇ ಕೊಡಬೇಕು ಎಂದು ಕಾನೂನು ಹೇಳುವುದು ಸುಮ್ನೆ ಅಲ್ಲ.

ಅವಳು ಮದುವೆಯಾದವಳು ಎಂಬುದನ್ನು ಗಮನಿಸಿ. ನೆನೆಸದ ಬಸಿರು ಎಂದ ಕೂಡಲೇ ನಮ್ಮ ತಲೆಗೆ ಬರುವುದು ಮೈಸೂರಿಗೆ ಓದಲು ಹೋದ ಹುಡುಗಿ. ಅಂಥವರೂ ಇದ್ದಾರೆ. ಆದರೆ ನನ್ನ ವಾರ್ಡಿನಲ್ಲಿ ಅವರಿಗಿಂತ ಜಾಸ್ತಿ ಕಂಡದ್ದು ಗಂಡ ಮಕ್ಕಳಿರುವ ಹೆಂಗಸರನ್ನೇ. ಮಗುವಿಗೆ ಹಾಲು ಕೊಡುತ್ತಿದ್ದೇನೆ, ಈಗ ಬಸಿರು ನಿಲ್ಲುವುದಿಲ್ಲ ಎಂದು ನಂಬಿದ್ದವಳು. ಮಗು ಆರು ತಿಂಗಳು ದಾಟಿ ಗಂಜಿ ತಿನ್ನಲು ಶುರುಮಾಡಿದರೆ, ಇಲ್ಲವೇ ಮುಟ್ಟು ಮತ್ತೆ ಬಂದರೆ, ಆ ನಂಬಿಕೆ ನಡೆಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಟ್ಟು ನಿಲ್ಲುವ ಕಾಲ ಬಂತು ಅಂದುಕೊಂಡು ಐದು ತಿಂಗಳು ಕಳೆದ ಮೇಲೆ ಬಂದ ನಲವತ್ತೆರಡರ ತಾಯಿ; ಮಗಳ ಮದುವೆ ನಿಶ್ಚಯವಾಗಿದೆ, ನಾನು ಹೇಗೆ ಮುಖ ತೋರಿಸಲಿ ಎಂದು ಅಳುತ್ತಿದ್ದಳು. ಕುಡಿದು ಬರುವ ಗಂಡನಿಗೆ ಬೇಡ ಎನ್ನಲಾಗದವಳು. ಇವರಿಗೆ ಯಾರೂ ಕಲ್ಲು ಹೊಡೆಯುವುದಿಲ್ಲ, ನಿಜ. 'ದೇವರು ಕೊಟ್ಟದ್ದು' ಎಂದು ಹೇಳಿ ಮನೆಗೆ ಕಳಿಸುತ್ತೇವೆ. ದೇವರು ಕೊಟ್ಟದ್ದಕ್ಕೆ ಹಾಲು ಸಕ್ಕರೆ ಕೊಡಬೇಕಾದವರು ಯಾರು ಎಂಬ ಮಾತು ಅಲ್ಲಿ ಬರುವುದಿಲ್ಲ.

ತೋಟದ ಕೂಲಿಯವರು ಇರುವ ಲೈನ್ ಮನೆಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಕಾಫಿ ಕೊಯ್ಲು ನವೆಂಬರಿನಿಂದ ಫೆಬ್ರವರಿಯ ತನಕ. ಕೂಲಿಯವರಿಗೆ ನಾಲ್ಕು ಕಾಸು ಕೈಗೆ ಸಿಗುವುದು ಆಗಲೇ, ಯಾಕೆಂದರೆ ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ. ಏಳು ತಿಂಗಳ ಬಸುರಿ ಹಣ್ಣಿನ ಚೀಲ ಹೊತ್ತು ಇಳಿಜಾರಿನಲ್ಲಿ ಇಳಿಯಲಾರಳು. ಕರಿಮೆಣಸಿಗೆ ಏಣಿ ಹತ್ತಲಾರಳು. ಅಂದರೆ ಖರ್ಚು ಏರುವ ವರ್ಷದಲ್ಲೇ ದುಡಿಮೆ ಬೀಳುತ್ತದೆ. ಇನ್ನೊಂದಿದೆ. ಮನೆ ತೋಟದ್ದು. ಕೆಲಸಕ್ಕೆ ಬರದವಳಿಗೆ ಮನೆ ಯಾಕೆ ಎಂದು ಮೇಸ್ತ್ರಿ ಕೇಳಿದರೆ ಮನೆಯೂ ಹೋಯಿತು. ಅಸ್ಸಾಂ, ಜಾರ್ಖಂಡಿನಿಂದ ಕೊಯ್ಲಿಗೆ ಬಂದವಳಾದರೆ ಭಾಷೆಯೂ ಇಲ್ಲ, ತವರೂ ಇಲ್ಲ. ಹೀಗಿರುವಾಗ ಅವಳು ಮಾತ್ರೆ ನುಂಗಿದ್ದು ಪಾಪವೋ ಅಲ್ಲವೋ ಎಂದು ಚರ್ಚೆ ಮಾಡುವ ಮೊದಲು, ಆ ಮಾತ್ರೆಯ ತನಕ ಅವಳನ್ನು ನೂಕಿದ್ದು ಏನು ಎಂದು ನೋಡಬೇಕಲ್ವಾ?

ನಮ್ಮ ಚರ್ಚುಗಳ ಮುಂದಿನ ಬೆಂಚಿನಲ್ಲಿ ಕೂರುವ ತೋಟದ ಮಾಲೀಕರಿಗೂ ಇಲ್ಲೇ ಒಂದು ಮಾತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ ಹೆಂಗಸಿಗೆ, ಮೊದಲ ಎರಡು ಮಕ್ಕಳಿಗೆ, ಸಂಬಳದ ಜೊತೆ 26 ವಾರ ಹೆರಿಗೆ ರಜೆ ಎಂದು ಕಾನೂನಿದೆ. ಅದು ತೋಟಗಳಿಗೂ ಅನ್ವಯ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವಳು 80 ದಿನ ಎಲ್ಲಿಂದ ತೋರಿಸಬೇಕು? ಗರ್ಭದಲ್ಲಿರುವ ಜೀವದ ಬಗ್ಗೆ ಪ್ರಾರ್ಥನೆ ಮಾಡುವ ಸಾಹುಕಾರರು ತಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಹೆಸರು ಬರೆಸಿದರೆ ಅದೇ ದೊಡ್ಡ ಉಪಕಾರ.

ಈಗ ಚರ್ಚಿನ ಒಳಗಿನ ಮಾತು. ಇದನ್ನು ಹೇಳದೆ ಸಹಾಯದ ಮಾತು ಆಡುವುದು ದಂಡ.

ಮದುವೆಗೆ ಮುಂಚೆ ಬಸಿರಾದ ಹುಡುಗಿ ನಮ್ಮಲ್ಲಿ ಗಾಯನ ಮಂಡಳಿ ಬಿಡುತ್ತಾಳೆ. ಭಾನುವಾರ ಶಾಲೆಯಲ್ಲಿ ಪಾಠ ಹೇಳುತ್ತಿದ್ದರೆ ಅದನ್ನೂ ಬಿಡುತ್ತಾಳೆ. ಯಾರೂ ಬಿಡು ಅನ್ನಬೇಕಾಗಿಲ್ಲ, ನೋಟವೇ ಸಾಕು. ಅವಳ ಅಮ್ಮ ಮಹಿಳಾ ಸಂಘಕ್ಕೆ ಬರುವುದು ನಿಲ್ಲಿಸುತ್ತಾಳೆ. ಅಪ್ಪ ಸಮಿತಿಗೆ ರಾಜೀನಾಮೆ ಕೊಡುತ್ತಾನೆ. ಹುಡುಗ ಮಾತ್ರ, ಅದೇ ಸಭೆಯವನಾಗಿದ್ದರೂ, ಕ್ರಿಸ್‌ಮಸ್‌ಗೆ ಅದೇ ಗಾಯನ ಮಂಡಳಿಯಲ್ಲಿ ಗಿಟಾರ್ ಬಾರಿಸುತ್ತಿರುತ್ತಾನೆ. ಇದಕ್ಕೆ ಯಾವ ಶಾಸ್ತ್ರದ ಆಧಾರ ಇದೆ ಎಂದು ಯಾರಾದರೂ ಫಾದರ್ ನನಗೆ ತಿಳಿಸಿದರೆ ಕೇಳಲು ಸಿದ್ಧ.

ಮಗು ಹುಟ್ಟಿದ ಮೇಲೆ ದೀಕ್ಷಾಸ್ನಾನದ ಪಂಚಾಯಿತಿ. ಕೆಲವು ಕಡೆ ಅಪ್ಪನ ಹೆಸರು ಇಲ್ಲದೆ ಆಗುವುದಿಲ್ಲ ಎನ್ನುತ್ತಾರೆ. ಕೆಲವು ಕಡೆ ಭಾನುವಾರ ಬೇಡ, ವಾರದ ದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಾಡೋಣ ಎನ್ನುತ್ತಾರೆ. ಕಥೋಲಿಕ ಧರ್ಮಸಭೆಯ ಕಾನೂನಿನ 877ನೇ ನಿಯಮದಲ್ಲಿ ಮದುವೆಯಾಗದ ತಾಯಿಯ ಮಗುವನ್ನು ರಿಜಿಸ್ಟರಿನಲ್ಲಿ ಹೇಗೆ ಬರೆಯಬೇಕು ಎಂದೇ ಇದೆ. ಅಂದರೆ ಅಂಥ ಮಗು ಬರುತ್ತದೆ, ಬಂದಾಗ ದೀಕ್ಷಾಸ್ನಾನ ಕೊಡಬೇಕು ಎಂದು ಧರ್ಮಸಭೆಗೆ ಮೊದಲೇ ಗೊತ್ತಿದೆ. ಪೋಪ್ ಫ್ರಾನ್ಸಿಸ್ ಇನ್ನೂ ಬ್ಯೂನಸ್ ಐರಿಸ್‌ನ ಕಾರ್ಡಿನಲ್ ಆಗಿದ್ದಾಗ, 2012ರಲ್ಲಿ, ಒಂಟಿ ತಾಯಂದಿರ ಮಕ್ಕಳಿಗೆ ದೀಕ್ಷಾಸ್ನಾನ ಕೊಡದ ಪಾದ್ರಿಗಳನ್ನು ಕಪಟಿಗಳು ಎಂದೇ ಕರೆದಿದ್ದರು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮತ್ತೆ ಬರೆಯಿತು. ಡೊಮಿನಿಕನ್ ಗಣರಾಜ್ಯದ ಒಬ್ಬ ಬಿಷಪ್ ಕೇಳಿದ್ದಕ್ಕೆ ಉತ್ತರ ಅದು. ಪಾದ್ರಿಗಳ, ಸಭೆಯ ಮುಖಂಡರ ಬಿಗಿತಕ್ಕೆ ಹೆದರಿ ಒಂಟಿ ತಾಯಂದಿರು ಪರಮ ಪ್ರಸಾದದಿಂದ ದೂರ ಉಳಿಯುವಂತೆ ಆಗಬಾರದು, ಮಗುವನ್ನು ಉಳಿಸಿಕೊಂಡವರಿಗೆ ಧೈರ್ಯ ಕೊಡಬೇಕು ಎಂಬುದು ಅದರ ಸಾರ. ರೋಮಿನಲ್ಲಿ ಸಡಿಲವಾದದ್ದು ನಮ್ಮೂರಿನಲ್ಲಿ ಇನ್ನೂ ಬಿಗಿಯಾಗಿಯೇ ಇದೆ.

ಅವಸರದ ಮದುವೆ ಇನ್ನೊಂದು. ಹುಡುಗನ ಮನೆಯವರನ್ನು ಕೂರಿಸಿ, ಗದರಿಸಿ, ಎರಡು ವಾರದಲ್ಲಿ ತಾಳಿ ಕಟ್ಟಿಸಿದರೆ ಮಾನ ಉಳಿಯಿತು ಎಂದು ಎಲ್ಲರೂ ಉಸಿರು ಬಿಡುತ್ತಾರೆ. ಇಬ್ಬರಿಗೂ ಮನಸ್ಸಿದ್ದರೆ ಖಂಡಿತ ಮಾಡಿಸಿ, ಅದು ಒಳ್ಳೆಯದೇ. ಆದರೆ ಹೆದರಿಕೆಯಿಂದ, ಬಲವಂತದಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಆ ಮದುವೆ ಸಿಂಧುವಲ್ಲ ಎಂದು ನಿಮ್ಮದೇ ಕಾನೂನಿನ 1103ನೇ ನಿಯಮ ಹೇಳುತ್ತದೆ. ಹೀಗೆ ಕಟ್ಟಿಸಿದ ಮದುವೆಗಳಲ್ಲಿ ಹೆಂಡತಿ ಎರಡನೇ ಹೆರಿಗೆಗೆ ಬಂದಾಗ ಮೈಮೇಲೆ ಬಾಸುಂಡೆ ನೋಡಿದವಳು ನಾನು. ಇಂಥ ಮದುವೆಯಲ್ಲಿ ಮಾನ ಉಳಿದದ್ದು ನಮ್ಮದು, ಏಟು ತಿಂದದ್ದು ಅವಳು.

ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ಮದುವೆಯ ಮಾತೇ ಇಲ್ಲ. ಅಲ್ಲಿ ರಾಜಿ ಪಂಚಾಯಿತಿಯೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾನೂನಿನ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಫಾದರ್, ಪಾಸ್ಟರ್, ಸಮಿತಿ ಅಧ್ಯಕ್ಷ ಎಂದು ವಿನಾಯಿತಿ ಬರೆದಿಲ್ಲ. ಮಕ್ಕಳ ಸಹಾಯವಾಣಿ 1098 ಇದೆ. ಫೋನ್ ಮಾಡಿ, ಆಮೇಲೆ ಆ ಹುಡುಗಿಯ ಜೊತೆ ನಿಲ್ಲಿ. ಹೆಚ್ಚಿನ ಸಲ ಕೇಸು ಆದ ಮೇಲೆ ಅವಳ ಹತ್ತಿರ ಯಾರೂ ಇರುವುದಿಲ್ಲ. ಚರ್ಚಿನ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಹಾಗಾದರೆ ನಾವು ಏನು ಮಾಡಬೇಕು?

ದಯವಿಟ್ಟು ಆಶ್ರಮ ಕಟ್ಟುವುದಕ್ಕೆ ಹೊರಡಬೇಡಿ. ಕಟ್ಟಡ ಎಂದರೆ ನಮಗೆ ತುಂಬಾ ಇಷ್ಟ, ಶಂಕುಸ್ಥಾಪನೆ, ಫಲಕ, ಬಿಷಪ್ಪರ ಫೋಟೋ. ಮೊದಲನೆಯದಾಗಿ ಅದಕ್ಕೆ ನೋಂದಣಿ, ತಪಾಸಣೆ, ಸಿಬ್ಬಂದಿ ಎಲ್ಲ ಬೇಕು. ಎರಡನೆಯದಾಗಿ, ಫಲಕ ಇರುವ ಮನೆಗೆ ಮುಚ್ಚಿಡಲು ಒದ್ದಾಡುವವಳು ಬರುವುದಿಲ್ಲ. ಬೇಕಾಗಿರುವುದು ಬಾಯಿ ಬಿಗಿ ಇರುವ ಇಬ್ಬರು ಹೆಂಗಸರು, ಒಂದು ಫೋನ್ ನಂಬರ್. ಸಮಿತಿ ಬೇಡ, ವರದಿ ಬೇಡ. ಆ ಇಬ್ಬರಿಗೆ ಹೇಳಿದ್ದು ಫಾದರ್ ಕಿವಿಗೂ ಬೀಳಬಾರದು, ಹೇಳಿದವಳೇ ಒಪ್ಪುವ ತನಕ. ಇದು ಸಾಧ್ಯವಾದರೆ ಉಳಿದದ್ದು ಕಷ್ಟವಲ್ಲ.

ಅಮೆರಿಕದ ಕಥೋಲಿಕ ಬಿಷಪ್ಪರು 2020ರ ಮಾರ್ಚಿನಲ್ಲಿ 'ವಾಕಿಂಗ್ ವಿತ್ ಮಾಮ್ಸ್ ಇನ್ ನೀಡ್' ಎಂಬ ಕೆಲಸ ಶುರುಮಾಡಿದರು. ಅವರ ದೇಶದ ರಾಜಕೀಯ ಬೇರೆ, ಅದು ನಮಗೆ ಬೇಡ. ಆದರೆ ಅವರು ಪ್ರತಿ ಧರ್ಮಕೇಂದ್ರಕ್ಕೆ ಮೊದಲು ಹೇಳಿದ್ದು ಬುದ್ಧಿವಂತಿಕೆಯ ಮಾತು: ನಿಮ್ಮ ಸುತ್ತಮುತ್ತ ತಾಯಂದಿರಿಗೆ ಯಾವ ಸಹಾಯ ಈಗಾಗಲೇ ಇದೆ, ಏನು ಇಲ್ಲ, ಬರೆದುಕೊಳ್ಳಿ ಎಂದು. ನಮ್ಮ ಆ ಇಬ್ಬರು ಅಕ್ಕಂದಿರು ಮಾಡಬೇಕಾದ ಮೊದಲ ಕೆಲಸವೂ ಇದೇ.

ಬರೆಯಲು ಕೂತರೆ ಗೊತ್ತಾಗುತ್ತದೆ, ಸರ್ಕಾರದ್ದೇ ಸಾಕಷ್ಟಿದೆ. ಆಶಾ ಕಾರ್ಯಕರ್ತೆಯ ಹತ್ತಿರ ತಾಯಿ ಕಾರ್ಡ್. ಅದಕ್ಕೆ ತಾಳಿ ತೋರಿಸಬೇಕಾಗಿಲ್ಲ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ. ಹೆರಿಗೆ, ಸಿಸೇರಿಯನ್ ಆದರೂ ಸೇರಿ, ಔಷಧಿ, ಊಟ, ಹೋಗಿಬರುವ ವಾಹನ, ಎಲ್ಲ ಉಚಿತ ಎಂಬುದು 2011ರಿಂದ ಇದೆ. 2017ರಿಂದ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಗಂಡನ ಆಧಾರ್ ಈಗ ಕಡ್ಡಾಯ ಅಲ್ಲ.

ಇದೆಲ್ಲ ಇದ್ದೂ ಯಾಕೆ ತಲುಪುವುದಿಲ್ಲ? ಅಂಗನವಾಡಿ ಲೈನ್ ಮನೆಯಿಂದ ದೂರ. ಒಂದು ಊಟಕ್ಕೆ ಗುಡ್ಡ ಹತ್ತಿ ಇಳಿದು ಬರುವ ಬಸುರಿ ಯಾರು? ಆ ಹೊತ್ತಿನ ಕೂಲಿಯೂ ಹೋಗುತ್ತದೆ. ಮಾತೃವಂದನಾಕ್ಕೆ ಬ್ಯಾಂಕ್ ಖಾತೆ ಬೇಕು, ಅದಕ್ಕೆ ಆಧಾರ್ ಜೋಡಿಸಬೇಕು, ಆಧಾರ್‌ನಲ್ಲಿ ಹೆಸರು ತಪ್ಪು. ಒಂಬತ್ತನೇ ತಾರೀಕು ಬಂದು ರಕ್ತ ಪರೀಕ್ಷೆ ಮಾಡಿಸು ಎಂದರೆ ಬಸ್ಸಿಲ್ಲ. ಚರ್ಚಿನ ಹತ್ತಿರ ಜೀಪಿದೆ, ಓದು ಬರಹ ಬಲ್ಲ ಹುಡುಗರಿದ್ದಾರೆ, ನಿವೃತ್ತ ಟೀಚರುಗಳಿದ್ದಾರೆ, ನನ್ನಂಥ ಕೆಲಸವಿಲ್ಲದ ನರ್ಸುಗಳಿದ್ದಾರೆ. ಸರ್ಕಾರದ ಯೋಜನೆಗೂ ಅವಳ ಮನೆ ಬಾಗಿಲಿಗೂ ನಡುವೆ ಉಳಿದಿರುವ ಆ ಎರಡು ಮೈಲಿ ನಮ್ಮದು. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್, ಆಮೇಲೆ ಕಬ್ಬಿಣದ ಮಾತ್ರೆ, ದಿನಕ್ಕೊಂದು ಮೊಟ್ಟೆ. ಇದನ್ನು ಯಾರಾದರೂ ವಾರಕ್ಕೊಮ್ಮೆ ಹೋಗಿ ವಿಚಾರಿಸಿದರೆ ಹೆರಿಗೆ ಹೊತ್ತಿಗೆ ಅವಳ ರಕ್ತ ಏರಿರುತ್ತದೆ. ದೊಡ್ಡ ವಿದ್ಯೆ ಏನೂ ಇಲ್ಲ ಇದರಲ್ಲಿ.

ಇನ್ನು ಕೋಣೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆ ಹೇಗೆ ಅಂತ ನಿಮಗೆ ಗೊತ್ತು. ಮರ ಬಿದ್ದರೆ ರಸ್ತೆ ಬಂದ್, 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಇಲ್ಲ. ಭಾಗಮಂಡಲದ ಕಡೆಯಿಂದಲೋ ಕುಟ್ಟದ ಕಡೆಯಿಂದಲೋ ನೋವು ಶುರುವಾದ ಮೇಲೆ ಹೊರಟವಳು ಆಸ್ಪತ್ರೆ ತಲುಪುವುದು ದೇವರ ದಯೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಪೇಟೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರು, ಕುವೈತ್ ಸೇರಿ ಗಂಡ ಹೆಂಡತಿ ಇಬ್ಬರೇ ಇರುವ ಎಷ್ಟು ಕ್ರೈಸ್ತ ಮನೆಗಳಿವೆ! ಕೊನೆಯ ಮೂರು ವಾರ ಒಂದು ಕೋಣೆ ಕೊಡಿ. ಒಂಟಿ ಹುಡುಗಿಯಾದರೆ ಮೂರು ತಿಂಗಳು ಕೊಡಿ. ಮರಿಯಮ್ಮನೇ ಬೆಟ್ಟದ ಸೀಮೆಗೆ ಹೋಗಿ ಎಲಿಜಬೇತಳ ಮನೆಯಲ್ಲಿ ಮೂರು ತಿಂಗಳು ಇದ್ದಳು ಎಂದು ಲೂಕನ ಸುವಾರ್ತೆಯಲ್ಲಿದೆ. ಮದುವೆ ನಿಶ್ಚಯವಾಗಿ ಇನ್ನೂ ಗಂಡನ ಮನೆ ಸೇರದ ಒಬ್ಬಳು, ವಯಸ್ಸಾದ ಮೇಲೆ ಬಸಿರಾಗಿ ಮನೆಯೊಳಗೇ ಉಳಿದಿದ್ದ ಇನ್ನೊಬ್ಬಳು. ಇಬ್ಬರದೂ ನೆನೆಸದ ಬಸಿರೇ. ಅದನ್ನು ಜಪಸರದಲ್ಲಿ ದಿನಾ ನೆನೆಯುತ್ತೇವೆ, ಕೋಣೆ ಕೇಳಿದರೆ ಮಾತ್ರ ನೆಂಟರು ಬರುತ್ತಾರೆ ಎನ್ನುತ್ತೇವೆ.

ಹಣದ ಮಾತು. ಸೆಪ್ಟೆಂಬರ್ 8ರ ತೆನೆಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಆ ದಿನದ ಕಾಣಿಕೆ ಪೂರ್ತಿ ಇದಕ್ಕೇ ಇಡಿ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಕೊಯ್ಲು ಹಬ್ಬದ ಹರಾಜು ನಡೆಯುತ್ತದಲ್ಲ, ಅದರಲ್ಲಿ ಒಂದು ಪಾಲು ಇಡಿ. ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪೌಲ್ ಸಭೆಯವರಿಗೆ ಮನೆಮನೆಗೆ ಹೋಗುವ ಅಭ್ಯಾಸ ಮೊದಲಿನಿಂದ ಇದೆ, ಅವರನ್ನು ಸೇರಿಸಿಕೊಳ್ಳಿ. ಸಹಾಯ ಹೆರಿಗೆಗೆ ನಿಲ್ಲಬಾರದು. ಬಟ್ಟೆ, ಜಾನ್ಸನ್ ಪೌಡರ್, ಫೋಟೋ, ಮುಗಿಯಿತು ಎಂದಾಗಬಾರದು. ಮಗುವಿಗೆ ಎರಡು ವರ್ಷ ತುಂಬುವ ತನಕ, ಅಮ್ಮ ಮತ್ತೆ ಕೆಲಸಕ್ಕೆ ಹೋಗುವ ತನಕ, ದೊಡ್ಡ ಮಕ್ಕಳ ಶಾಲೆ ತಪ್ಪದ ಹಾಗೆ. ಕಾಲೇಜು ಹುಡುಗಿಯಾದರೆ ಅವಳು ಪರೀಕ್ಷೆ ಬರೆಯುವ ತನಕ. ನಮ್ಮಲ್ಲಿ ಚರ್ಚು ನಡೆಸುವ ಶಾಲೆ ಕಾಲೇಜುಗಳಿವೆ. ಬಸಿರಾದಳೆಂದು ಟಿ.ಸಿ. ಕೈಗಿಡುವುದಿಲ್ಲ ಎಂದು ಅವು ಬರೆದು ಕೊಟ್ಟರೆ ಸಾಕು.

ಮಗುವನ್ನು ಸಾಕಲಾರೆ ಎನ್ನುವ ತಾಯಿಯೂ ಇರುತ್ತಾಳೆ. ಆಗ ಚರ್ಚಿನ ಯಾರೋ ಒಬ್ಬರು 'ಮಕ್ಕಳಿಲ್ಲದ ಒಳ್ಳೆ ಮನೆ ಇದೆ, ಕೇರಳದವರು' ಎಂದು ಶುರುಮಾಡುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಇರಬಹುದು. ಆದರೆ ಇದು ಅಪರಾಧ. ಹಣ ಕೈಬದಲಾದರೆ ಮಗುವಿನ ಮಾರಾಟ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಅದಕ್ಕಾಗಿ ತಾಯಿಯ ಮೇಲೆ ಕೇಸು ಹಾಕುವುದಿಲ್ಲ. ಮನಸ್ಸು ಬದಲಾಯಿಸಿಕೊಳ್ಳಲು ಅವಳಿಗೆ ಎರಡು ತಿಂಗಳ ಅವಕಾಶ ಇದೆ. ಅಷ್ಟು ದಿನ ಅವಳ ಹತ್ತಿರ ಕೂತು, ಕೊಡು ಎಂದೂ ಬೇಡ ಎಂದೂ ಒತ್ತಾಯ ಮಾಡದೆ ಇರುವವರು ಬೇಕು. ದತ್ತು ಆಮೇಲೆ ಸರ್ಕಾರದ ವ್ಯವಸ್ಥೆಯ ಮೂಲಕವೇ ಆಗುತ್ತದೆ. ತೊಟ್ಟಿಲಿಲ್ಲದೆ ಪೊದೆಯಲ್ಲಿ ಸಿಕ್ಕ ಮಗುವಿನ ಸುದ್ದಿ ಪೇಪರಿನಲ್ಲಿ ಓದಿ 'ಕಲ್ಲೆದೆಯ ತಾಯಿ' ಎನ್ನುತ್ತೇವಲ್ಲ, ಆ ತಾಯಿಗೆ ಈ ದಾರಿ ಇದೆ ಎಂದು ಹೇಳಿದವರು ಯಾರು?

ಸಾಕುತ್ತೇನೆ ಎನ್ನುವ ಒಂಟಿ ತಾಯಿಗೂ ಕಾನೂನಿನ ಬಲ ಇದೆ. ಅಪ್ಪನ ಹೆಸರು ಹೇಳದೆಯೇ ತನ್ನ ಮಗುವಿಗೆ ತಾನೇ ಪೋಷಕಿ ಆಗಬೇಕು ಎಂದು ದೆಹಲಿಯ ಒಬ್ಬ ತಾಯಿ ಸುಪ್ರೀಂ ಕೋರ್ಟಿನ ತನಕ ಹೋದರು. 2015ರ ಜುಲೈಯಲ್ಲಿ ಗೆದ್ದರು. ಒಂಟಿ ತಾಯಿ ಕೇಳಿದರೆ ಅವಳ ಪ್ರಮಾಣಪತ್ರದ ಮೇಲೆಯೇ ಮಗುವಿನ ಜನನ ಪ್ರಮಾಣಪತ್ರ ಕೊಡಬೇಕು ಎಂದು ಕೋರ್ಟು ಹೇಳಿತು. ಆ ತಾಯಿ ಕ್ರೈಸ್ತ ಹೆಂಗಸು. ಯಾವ ಚರ್ಚಿನ ಪ್ರಸಂಗದಲ್ಲೂ ನಾನು ಅವರ ವಿಷಯ ಕೇಳಿಲ್ಲ. ಗಿಟಾರ್ ಹುಡುಗನಿಗೂ ಒಂದು ಕಾನೂನಿದೆ. ಮದುವೆ ಆಗಿರಲಿ ಬಿಡಲಿ, ಮಗುವಿನ ಜೀವನಾಂಶ ಅವನ ಹೊಣೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್.

ಈಗ ನಿಮಗೆ ಇಷ್ಟವಾಗದ ಮಾತು. ಇಷ್ಟೆಲ್ಲ ಮಾಡಿದರೂ ಕೆಲವರು ಮಗು ಬೇಡ ಎನ್ನುತ್ತಾರೆ. ಈ ದೇಶದಲ್ಲಿ 1971ರಿಂದ ಅದಕ್ಕೆ ಕಾನೂನು ಇದೆ. 2021ರ ತಿದ್ದುಪಡಿಯ ಮೇಲೆ, 20 ವಾರದ ತನಕ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ಸಂದರ್ಭಗಳಲ್ಲಿ 24 ವಾರದ ತನಕ ಇಬ್ಬರದು. 2022ರಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಅದೇ ಹಕ್ಕು ಎಂದಿತು. ಹದಿನೆಂಟು ತುಂಬಿದ ಹೆಂಗಸಿನ ಒಪ್ಪಿಗೆ ಸಾಕು, ಗಂಡನದ್ದೂ ಬೇಡ. ನಮ್ಮ ಅಕ್ಕಂದಿರು ಇದನ್ನು ಮಾಡಿಸಲಿ ಎಂದು ನಾನು ಕೇಳುತ್ತಿಲ್ಲ. ಸುಳ್ಳು ಹೇಳಬಾರದು ಎಂದಷ್ಟೇ ಕೇಳುತ್ತೇನೆ. ಕಾನೂನಿನಲ್ಲಿ ಇಲ್ಲ ಎನ್ನುವುದು, ಕ್ಯಾನ್ಸರ್ ಬರುತ್ತದೆ ಎಂದು ಹೆದರಿಸುವುದು, ಇವತ್ತು ನಾಳೆ ಎಂದು ವಾರ ತಳ್ಳುವುದು, ಇವು ಜೀವ ಉಳಿಸುವ ದಾರಿಗಳಲ್ಲ. ಹಾಗೆ ಮಾಡಿದರೆ ಅವಳು ಮತ್ತೆ ಅದೇ ಮೆಡಿಕಲ್ ಶಾಪಿಗೆ ಹೋಗುತ್ತಾಳೆ. ಮಾಡಿಸಿಕೊಂಡು ಬಂದವಳಿಗೂ ಊಟ ಕೊಡಿ. ಆ ಪಾಪಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರ ನವೆಂಬರಿನಲ್ಲಿ ಎಲ್ಲ ಪಾದ್ರಿಗಳಿಗೂ ಕೊಟ್ಟಾಗಿದೆ. ಪಾದ್ರಿಗಳೇ ಕ್ಷಮಿಸುವಾಗ ಅಂಗಳದಲ್ಲಿ ನಿಂತಿರುವ ನಾವು ಯಾರು?

ಬಸಿರು ಆಗದಂತೆ ತಡೆಯುವುದರ ಬಗ್ಗೆ ನಮ್ಮ ಸಭೆಗಳಲ್ಲೇ ಒಮ್ಮತ ಇಲ್ಲ. ಅದನ್ನು ಇಲ್ಲಿ ಕೆದಕುವುದಿಲ್ಲ. ಮದುವೆ ತರಬೇತಿಯಲ್ಲಿ ಒಬ್ಬ ನರ್ಸಿಗೆ ಒಂದು ಗಂಟೆ ಕೊಡಿ, ಹೆಣ್ಣಿನ ದೇಹ ಹೇಗೆ ಕೆಲಸ ಮಾಡುತ್ತದೆ ಎಂದಷ್ಟೇ ಹೇಳುತ್ತೇವೆ. ಗಂಡಸರೂ ಕೂರಲಿ.

ಕೊನೆಗೆ ನಮ್ಮವರಲ್ಲದವರ ವಿಷಯ. ಜೇನು ಕುರುಬರ ಹಾಡಿಯವಳು ಬರಬಹುದು, ಯರವರವಳು, ಮುಸ್ಲಿಂ ಹೆಂಗಸು, ಗೌಡರ ಮನೆಯವಳು ಬರಬಹುದು. ಬಂದರೆ ಅಕ್ಕಿಯ ಜೊತೆ ಕರಪತ್ರ ಬೇಡ. ಪ್ರಾರ್ಥನೆಗೆ ಬಾ ಎನ್ನುವುದೂ ಬೇಡ. ಮತಾಂತರದ ಕೇಸಿಗೆ ಹೆದರಿ ಅಲ್ಲ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ದಿಕ್ಕಿಲ್ಲದೆ ನಿಂತವಳ ಹತ್ತಿರ ಹಾಗೆ ಕೇಳುವುದು ಸರಿಯಲ್ಲ. ನಮ್ಮ ಹಿರಿಯರು ಇಲ್ಲಿಗೆ ಹೇಗೆ ಬಂದರು ಎಂದು ನೆನೆಸಿಕೊಳ್ಳಿ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕಥೋಲಿಕರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟವರು ದೊಡ್ಡ ವೀರರಾಜೇಂದ್ರ, ಲಿಂಗಾಯತ ಅರಸರು. ಸಂತ ಅನ್ನಮ್ಮನವರ ದೇವಾಲಯದ ಬೇರು ಅಲ್ಲಿದೆ. ಮತಾಂತರ ಆಗಿ ಎಂದು ಅವರೇನೂ ಕೇಳಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗಲೂ ಯಾರು ಯಾವ ಧರ್ಮ ಎಂದು ನಾವು ಕೇಳಲಿಲ್ಲ. ಚರ್ಚ್ ಹಾಲ್‌ನ ಬಾಗಿಲು ತೆರೆದೆವು, ಅಷ್ಟೇ.

ನನ್ನ ಬೇಡಿಕೆ ಇದು. ಮುಂದಿನ ಸಭಾ ಸಮಿತಿಯ ಮೀಟಿಂಗಿನಲ್ಲಿ ಈ ವಿಷಯ ಇಡಿ. ಹೆಂಗಸರು ಕೂರದ ಸಮಿತಿಯಾದರೆ ಆ ದಿನವಾದರೂ ಹೆಂಗಸರನ್ನು ಕರೆಯಿರಿ. ಇಬ್ಬರ ಹೆಸರು, ಒಂದು ನಂಬರ್ ಗೊತ್ತುಮಾಡಿ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಹಾಕಿ. ಮಹಿಳೆಯರ ಶೌಚಾಲಯದ ಬಾಗಿಲಿನ ಒಳಗಡೆಯೂ ಅಂಟಿಸಿ, ಅಲ್ಲಿ ಯಾರೂ ನೋಡದ ಹಾಗೆ ಬರೆದುಕೊಳ್ಳಬಹುದು. ಮದುವೆಯಾಗದ ತಾಯಿಯ ಮಗುವಿಗೆ ಭಾನುವಾರದ ಪೂಜೆಯಲ್ಲೇ, ಎಲ್ಲ ಮಕ್ಕಳ ಜೊತೆಗೇ ದೀಕ್ಷಾಸ್ನಾನ ಎಂದು ಫಾದರ್ ಒಂದು ಸಲ ಪ್ರಸಂಗದಲ್ಲಿ ಹೇಳಲಿ. ಕಾಫಿ ಕೊಯ್ಲು ಶುರುವಾಗುವ ಮೊದಲು ಇಷ್ಟು ಆಗಬೇಕು. ನಮ್ಮ ಚರ್ಚಿನ ಬೋರ್ಡಿಗೆ ನನ್ನ ನಂಬರ್ ಕೊಡಲು ನಾನು ಸಿದ್ಧ. ಇನ್ನೊಬ್ಬರು ಬೇಕು.

ಇಂತಿ,
ನಿಮ್ಮ ಸಭೆಯ ಒಬ್ಬ ನಿವೃತ್ತ ನರ್ಸ್
ಸೋಮವಾರಪೇಟೆ ತಾಲ್ಲೂಕು, ಕೊಡಗು